ಗೌರಮ್ಮನ ಒಳಲೆ

ಒಳಲೆಗೆ ಸಕ್ಕರೆ ನೀರು ಬಗ್ಗಿಸುತ್ತಿದ್ದಾಗಲೇ ಬೀದಿಯ ಕೊನೆಯಲ್ಲಿ ಸಾವಿನ ತಮಟೆ ಕೇಳಿತು. ಗೌರಮ್ಮ ಬಾಗಿಲತ್ತ ತಿರುಗುವಷ್ಟರಲ್ಲಿ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಎಳೆಕೂಸಿಗೆ ಕುಡಿಸುವ ಮೂತಿಯ ಹಿತ್ತಾಳೆ ಬಟ್ಟಲು ಅದು, ಅವಳ ಅತ್ತೆಯ ಕಾಲದ್ದು. ಕೋಣೆಯಲ್ಲಿ ನಿನ್ನೆ ಸಂಜೆ ಹುಟ್ಟಿದ ಮೊಮ್ಮಗ ಚೀರುತ್ತಿದ್ದ.

"ಯಾರತ್ತೆ ಹೋಗಿದ್ದು?" ಸೊಸೆ ಚಿಕ್ಕತಾಯಿ ಕೇಳಿದಳು.

"ನರ್ಸಮ್ಮ ಕಣೇ. ಲಕ್ಷ್ಮಿದೇವಮ್ಮ."

ಸೊಸೆ ಬಿಕ್ಕಿದಳು. "ಹಾಲು ಜಿನುಗ್ತೈತೆ ಅತ್ತೆ. ಈ ಕೂಸಿಗಾದ್ರೂ ಕುಡಿಸ್ಲಾ?"

"ಮೂರು ದಿನ ಕಳೀಲಿ. ಕೀವಿನಂಗಿರೋ ಹಾಲು ಅದು," ಎಂದಳು ಗೌರಮ್ಮ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

* * *

ಅರವತ್ತೊಂದರ ಬೇಸಿಗೆ. ಚಿಕ್ಕತಾಯಿ ಚೊಚ್ಚಲು ಹೆಣ್ಣು ಹೆತ್ತಿದ್ದಳು. ಜಯನಗರದ ಹೆರಿಗೆ ಆಸ್ಪತ್ರೆಯಿಂದ ಸುಬ್ರಹ್ಮಣ್ಯಪುರದವರೆಗೂ ಬಾಣಂತಿಯರ ಮನೆ ಸುತ್ತಿ, ಬಗಲಲ್ಲಿ ತಾಯಿ-ಮಗುವಿನ ಪಟ ಹಿಡಿದು, ಲಕ್ಷ್ಮಿದೇವಮ್ಮ ಇದೇ ಜಗಲಿಯ ಮೇಲೆ ಬೆವರು ಒರೆಸಿಕೊಂಡಿದ್ದಳು.

"ಗೌರಮ್ಮನೋರೆ, ಮೊದಲ್ನೇ ಹಾಲು ಗಿಡದ ಬುಡಕ್ಕೆ ಹಿಂಡಿಸ್ಬೇಡಿ. ಆ ಒಳಲೆ ಎತ್ತಿಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದೂ ಹೆರದೋಳು ನೀನು. ಮೊಲೆಹಾಲಿನ ಸುದ್ದಿ ನಿಂಗ್ಯಾಕೆ?" ಅಂದೇಬಿಟ್ಟಳು ಗೌರಮ್ಮ. ಅದೆಂಥ ಬಾಯೋ ಅವಳದು!

ತಿಂಗಳು ತುಂಬುವ ಮೊದಲೇ ಆ ಹೆಣ್ಣುಕೂಸು ಭೇದಿ ಹತ್ತಿ ಹೋಯಿತು. ನರ್ಸಮ್ಮ ಬಂದಳು. ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಬಾಣಂತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಅತ್ತಳು. ಅವತ್ತಿನಿಂದ ಗೌರಮ್ಮ ಅವಳ ಎದುರು ಸುಳಿದವಳಲ್ಲ. ನಾಚಿಕೆ, ಇನ್ನೇನು.

* * *

"ಬಾಯಿಗೆ ಹಾಲು ಬಿಡೋಕೆ ಮಕ್ಕಳಿಲ್ವಲ್ಲಪ್ಪ," ಹೆಣದ ಪಕ್ಕ ಹಾಲಿನ ಲೋಟ ಹಿಡಿದು ನಿಂತಿದ್ದ ನರ್ಸಮ್ಮನ ಅಣ್ಣ ತಿಮ್ಮರಾಯಪ್ಪ ಗೊಣಗುತ್ತಿದ್ದ.

ಗುಂಪು ಸರಿಸಿ ಗೌರಮ್ಮ ಮುಂದೆ ಬಂದಳು, ಕೈಯಲ್ಲಿ ಒಳಲೆ.

"ಅಯ್ಯೋ, ಪುರುಡಿನ ಮನೆಯಿಂದ ಹೆಣದ ಹತ್ರ ಬಂದ್ಯಾ!" ಯಾರೋ ಮುದುಕಿ ಕೂಗಿದಳು. "ಕೂಸಿಗೆ ಆಗ್ಬರಲ್ಲ ಕಣೇ!"

"ಕೂಸಿಗೆ ಏನು ಆಗ್ಬರಲ್ಲ ಅಂತ ಇವ್ಳು ಹೇಳಿದ್ಲು. ನಾನೇ ಕೇಳ್ಲಿಲ್ಲ."

ಲೋಟದ ಹಾಲನ್ನು ಒಳಲೆಗೆ ಸುರಿದುಕೊಂಡು, ಎಳೆಕೂಸಿಗೆ ಬಿಡುವಂತೆ ತುಟಿಯ ಸಂದಿಗೆ ಬಿಟ್ಟಳು. "ತಪ್ಪಾಯ್ತು ತಾಯಿ," ಎಂದು ಗೊಳೋ ಅತ್ತಳು. ಖಾಲಿ ಒಳಲೆಯನ್ನು ಆ ತಣ್ಣಗಿನ ಅಂಗೈ ಕೆಳಗಿಟ್ಟು ಹೊರಟಳು.

ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು ಬಂದಾಗ ಸೊಸೆ ಕೇಳಿದಳು, "ಒಳಲೆ ಎಲ್ಲತ್ತೆ?"

"ಅವಳ ಜೊತೆ ಹೋಯ್ತು. ಕೂಸ್ನ ಎದೆಗೆ ಹಾಕ್ಕೊ."

ಬೀದಿಯಲ್ಲಿ ತಮಟೆ ದೂರವಾಗುತ್ತಿತ್ತು. ಗೌರಮ್ಮ ಒದ್ದೆ ಸೀರೆಯಲ್ಲೇ ಬಾಗಿಲಲ್ಲಿ ನಿಂತು ನೋಡಿದಳು. ಕೂಸು ತಡಕಾಡಿ, ಮೊಲೆ ಕಚ್ಚಿಕೊಂಡು, ಕಣ್ಣು ಮುಚ್ಚಿ ಚೀಪುತ್ತಿತ್ತು. ತುಟಿಯಂಚಿಗೆ ಹಳದಿ ಹಾಲಿನ ಒಂದು ಹನಿ ಇಳಿಯಿತು. ಅದು ಕೆಳಗೆ ಬೀಳದ ಹಾಗೆ ಸೊಸೆ ಬೆರಳಂಚಿನಲ್ಲಿ ಹಿಡಿದು, ಮತ್ತೆ ಕೂಸಿನ ಬಾಯಿಗೇ ಸವರಿದಳು.