ಎಳೆ ಬೆಸೆಯುವ ಗಂಟು

ಶೇಂಗಾ ಎಣ್ಣೆ ಮಿಲ್ಲಿನ ಬಿಸಿ ವಾಸನೆ ಬಸ್ಸಿನ ಕಿಟಕಿಯಿಂದ ನುಗ್ಗಿ ಹೋಯಿತು, ಅಲ್ಲಿಗೆ ಚಳ್ಳಕೆರೆ ಮುಗಿಯಿತು, ಇನ್ನು ಮೊಳಕಾಲ್ಮೂರಿನ ಮನೆಯವರೆಗೆ ತೊಡೆಯ ಮೇಲೆ ಈ ಚೀಲ, ಒಳಗೆ ಮುಲಾಮು, ಬ್ಯಾಂಡೇಜು, ಕತ್ತರಿ — ಇವತ್ತು ಹೇಳಲೇಬೇಕು, ಡೈರಿಯಲ್ಲಿ ಬರೆದದ್ದು ಅವ್ವನಿಗೆ ಕೇಳಿಸುವುದಿಲ್ಲ. ಅವಳ ಸಕ್ಕರೆ ಕಾಯಿಲೆಯ ಕಾಲು, ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಂಡಿಯಲ್ಲಿ ಮೊಳೆ ತಗುಲಿದ್ದು, ಗಾಯ ಇನ್ನೂ ಬಾಯಿ ಬಿಟ್ಟುಕೊಂಡೇ ಇದೆ, ಮುಂದಿನ ಸಲಕ್ಕೂ ಹೀಗೇ ಇದ್ರೆ ಹೆಬ್ಬೆರಳು ತೆಗೀಬೇಕಾಗುತ್ತಮ್ಮ, ಡಾಕ್ಟರು ಅಂದರು, ನಾನು ಹೂಂ ಅಂದೆ, ಎಲ್ಲದಕ್ಕೂ ಹೂಂ ಅನ್ನುವವಳು ನಾನು. ಬಿ.ಎಸ್ಸಿ.ಯಲ್ಲಿ ಓದಿದ್ದೆನಲ್ಲ, ಗಾಯದ ಅಂಚಿನ ಜೀವಕೋಶಗಳು ಕಿಣ್ವ ಸುರಿಸುತ್ತವೆ, ಕಿಣ್ವ ಹಳೆಯ ನಾರನ್ನು ಕತ್ತರಿಸಿ ದಾರಿ ಬಿಡಿಸುತ್ತದೆ, ಹೊಸ ಚರ್ಮ ಆ ತೇವದಲ್ಲೇ ತೆವಳಿ ಬರುತ್ತದೆ, ಒಣಗಿದರೆ ನಿಂತುಬಿಡುತ್ತದೆ, ದಿನಾ ಕೆದಕಿದರೆ ಅದೇ ಕಿಣ್ವ ಅತಿಯಾಗಿ ಎಳೇ ಚರ್ಮವನ್ನೇ ತಿನ್ನುತ್ತದೆ — ಮೊನ್ನೆ ಅಂಚಿನಲ್ಲಿ ಮೂಡಿದ್ದ ಆ ಗುಲಾಬಿ ಗೆರೆ ನಿನ್ನೆ ಇರಲಿಲ್ಲ. ಬ್ಯಾಂಡೇಜಿಗೆ ದಿನಾ ಸಂಜೆ ನಾನು ಹಾಕುವುದು ಎಳೆದರೆ ಬಿಚ್ಚುವ ಸರಗಂಟು, ನಿನ್ನೆ ಅಲ್ಲಿದ್ದದ್ದು ಬೇರೆ, ಚಿಕ್ಕದು, ಚಪ್ಪಟೆ, ಕಡಿದ ರೇಷ್ಮೆ ಎಳೆ ಬೆಸೆಯುವ ನೇಕಾರರ ಗಂಟು, ಅವ್ವನ ಬೆರಳಿಗೆ ಬೇರೆ ಗಂಟು ಬರುವುದಿಲ್ಲ. ಕೇಳಲಿಲ್ಲ ನಾನು. ಪಕ್ಕದ ಮನೆಯ ದುರುಗಕ್ಕನೇ ಹೇಳಿದ್ದು, ದಿನಾ ಮಧ್ಯಾಹ್ನ ಬಿಚ್ಕಂಡು ಬಿಸಿಲಿಗೆ ಕಾಲು ಚಾಚಿರ್ತಾಳೆ ನಿಮ್ಮವ್ವ, ಸಂಡಿಗೆ ಒಣಗಾಕ್ದಂಗೆ. ಅದನ್ನು ಕೇಳಿಸಿಕೊಂಡು ಅವ್ವ ನಕ್ಕಳು, ಗಾಯ ಅಂದ್ಮ್ಯಾಲೆ ಒಣಗಬೇಕಲ್ಲೇ, ಹಸಿ ಇದ್ರೆ ಕೊಳೀತೈತೆ, ಅಷ್ಟು ಓದಿ ಇಷ್ಟು ಗೊತ್ತಿಲ್ವಾ. ಆಮೇಲೆ ಅದೇ ಕಾಲು ಗುಂಡಿಗಿಳಿದು ಮಗ್ಗದ ಹಲಗೆ ತುಳಿಯುತ್ತದೆ, ಸೆರಗು ಅರ್ಧಕ್ಕೆ ನಿಂತೈತೆ ಅಂತಾಳೆ, ನಿಲ್ಲಲಿ, ಸೆರಗನ್ನು ನಾಳೆಯೂ ನೇಯಬಹುದು, ಬೆರಳನ್ನು — ಇಳಿಯಬೇಕು, ಬಸ್ಸು ನಿಂತಿತು, ಓಣಿಯ ತುಂಬ ಮಗ್ಗದ ಸದ್ದು, ನಮ್ಮ ಮನೆಯದೂ ಇದೆ ಅದರಲ್ಲಿ, ನನ್ನ ಹೆಜ್ಜೆ ಕೇಳಿ ನಿಂತಿತು. ಕಟ್ಟು ಹಂಗೇ ಐತೆ ನೋಡು, ಇವತ್ತು ಮುಟ್ಟೇ ಇಲ್ಲ ನಾನು, ಅವ್ವ ಕಾಲು ಮುಂದಕ್ಕಿಡುತ್ತಾಳೆ, ಮತ್ತೆ ಅದೇ ಗಂಟು, ಚಿಕ್ಕದು, ಚಪ್ಪಟೆ. ಕತ್ತರಿಸಿದೆ, ತೊಳೆದೆ, ಮುಲಾಮು ಹಚ್ಚಿದೆ. ಅವ್ವ, ಇನ್ನ ಬಿಚ್ಚಬ್ಯಾಡ, ವಾಸಿ ಆಗೋಗಂಟ ಗುಂಡಿಗೆ ನಾನು ಇಳೀತೀನಿ — ನನ್ನದೇ ದನಿ, ಗೋಡೆಗೆ ತಗುಲಿ ತಿರುಗಿ ಬಂತು. ನಿನ್ನ ನೇಯ್ಗೆ ಜಾಳಾಗ್ತೈತೆ ಕಣೇ. ಆಗ್ಲಿ, ಅಂದೆ. ಬಟ್ಟೆ ಸುತ್ತಿದೆ, ತುದಿಗಳನ್ನು ಹಿಡಿದೆ, ಸರಗಂಟು ಬೇಡ, ಅವ್ವ ಚಿಕ್ಕಂದಿನಲ್ಲಿ ನನ್ನ ಬೆರಳು ಹಿಡಿದು ಕಲಿಸಿದ್ದು, ಒಮ್ಮೆ ಬಿಗಿದರೆ ಬಿಚ್ಚಲು ಬಾರದ್ದು, ಕತ್ತರಿಸಿದರೆ ಬಟ್ಟೆಯ ತುದಿ ಗಿಡ್ಡವಾಗಿ ನನಗೆ ಗೊತ್ತಾಗುವಂಥದ್ದು, ಉಗುರಿನಿಂದ ಒತ್ತಿ ಎಳೆದೆ, ಬಿಳಿ ಬಟ್ಟೆಯ ಮೇಲೆ, ಚಿಕ್ಕದು, ಚಪ್ಪಟೆ, ಆ ಗಂಟು.