ಅಂಟಿಲ್ಲದ ಹಾಸಿಗೆ

ಹಳೆಯ ಕುರ್ಚಿಯೊಂದರ ಅಡಿಯಿಂದ ಸ್ಟೇಪಲ್ ಪಿನ್ನುಗಳನ್ನು ಕೀಳುತ್ತ ನಾನೂ ಅಪ್ಪನೂ ಎದುರುಬದುರು ಕೂತಿದ್ದೆವು. ಅಪ್ಪ ಚಪ್ಪಟೆ ಉಳಿಯಿಂದ ಪಿನ್ನನ್ನು ಅರ್ಧ ಎಬ್ಬಿಸುವುದು, ನಾನು ಇಕ್ಕಳದಲ್ಲಿ ಹಿಡಿದೆಳೆದು ಡಬ್ಬಿಗೆ ಹಾಕುವುದು. ಮೊದಲು ಈ ಕೆಲಸಕ್ಕೆ ನಾವು ಮೂವರಿದ್ದೆವು. ಬಟ್ಟೆ ಸುಲಿಯುವುದು ಅಕ್ಕನ ಪಾಲು. ಅವಳಿದ್ದಾಗ ಪಿನ್ನು ಡಬ್ಬಿಗೆ ಬೀಳುವ ಸದ್ದು ಕೇಳಿಸುತ್ತಲೇ ಇರಲಿಲ್ಲ, ಅಷ್ಟು ಬಾಯಿ ಅವಳದು.

ಅಕ್ಕ ಊರು ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ನಮ್ಮದು ಸೋಫಾ, ಕುರ್ಚಿಗಳಿಗೆ ಫೋಮು ಕೂರಿಸಿ ಬಟ್ಟೆ ಹೊದಿಸುವ ಅಂಗಡಿ. ಆರು ವರ್ಷ ಫೋಮಿಗೆ ಅಂಟು ಹೊಡೆದವಳು ಅಕ್ಕ. ಮೊದಲು ಕೆಮ್ಮು ಬಂತು, ಆಮೇಲೆ ಉಬ್ಬಸ. ಅಂಟಿನ ಹತ್ತಿರ ಸುಳಿಯಬಾರದು ಎಂದರು ಡಾಕ್ಟರು. ಅಂಗಡಿ ಬಿಟ್ಟು ಮನೆಯಲ್ಲಿ ಉಳಿದಳು. ಆದರೆ ಮನೆಯಲ್ಲಿ ನಾನೂ ಅವಳೂ ಮಲಗುತ್ತಿದ್ದ ಹಾಸಿಗೆ, ಅಪ್ಪನೇ ಫೋಮಿನ ತುಂಡುಗಳನ್ನು ಅಂಟಿಸಿ ಮಾಡಿದ್ದು. ಅದನ್ನು ಎಸೆದು ಹತ್ತಿಯದು ತಂದರೆ ಅದರ ಧೂಳಿಗೂ ಕೆಮ್ಮಿದಳು. ಬರಿಯ ನೆಲಕ್ಕೆ ಸೊಂಟ ಹಿಡಿಯಿತು. ಕೊನೆಗೆ ಬಸ್ಸಿನಲ್ಲಿ ಮೂರು ಗಂಟೆ ದೂರದ ಚಿಕ್ಕಮ್ಮನ ಮನೆಗೆ ಹೊರಟಳು. ಬಸ್ಸು ಹತ್ತುವಾಗ, “ಅಂಟಿಲ್ಲದ ಹಾಸಿಗೆ ಸಿಕ್ಕಿದ ದಿನ ಹೇಳೇ ಮೂಗಿ, ಓಡಿ ಬರ್ತೀನಿ” ಎಂದು ನಕ್ಕಳು. ಮಾತು ಕಡಿಮೆಯೆಂದು ಅವಳು ನನ್ನನ್ನು ಕರೆಯುವುದೇ ಮೂಗಿ ಎಂದು. ಅವಳು ತಮಾಷೆಗೆ ಹೇಳಿದ್ದನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಅಡ್ಡಾಗುತ್ತಾನೆ. ಆಗ ನಾನು ಮೊಬೈಲಿನಲ್ಲಿ ಹಾಸಿಗೆ ಹುಡುಕುತ್ತಿದ್ದೆ. ಏಳನೇ ತರಗತಿಗೇ ಶಾಲೆ ಬಿಟ್ಟವಳು, ಓದುವುದು ನಿಧಾನ. ಆದರೆ ನಿಧಾನವಾಗಿ ಓದುವವರಿಗೆ ಸುಳ್ಳು ಬೇಗ ಕಾಣುತ್ತದೆ. ಎಲ್ಲ ಹಾಸಿಗೆಯ ಪಕ್ಕದಲ್ಲೂ ಒಂದು ಹಸಿರು ಎಲೆಯ ಚಿತ್ರ. ಎಲೆ ಬರೆಯಲು ಯಾರಪ್ಪನ ಗಂಟು ಹೋಗಬೇಕು? ಐದು ನಕ್ಷತ್ರ ಕೊಟ್ಟವರು ಹಾಸಿಗೆ ಬಂದ ದಿನವೇ ಬರೆದಿರುತ್ತಾರೆ, ಎರಡು ಕೊಟ್ಟವರು ಮಲಗಿ ಎದ್ದು ಬರೆದಿರುತ್ತಾರೆ. ಹಾಗಾಗಿ ನಾನು ಎರಡರವರನ್ನೇ ಓದುತ್ತಿದ್ದೆ.

ಹೀಗೆ ಓದುತ್ತ ಒಂದು ಪಾಕೆಟ್ ಕಾಯಿಲ್ ಹಾಸಿಗೆ ಸಿಕ್ಕಿತು. ಒಂದೊಂದು ಸ್ಪ್ರಿಂಗಿಗೂ ಒಂದೊಂದು ಬಟ್ಟೆಯ ಚೀಲ. ಚೀಲಗಳನ್ನು ಅಂಟಿಸಿಲ್ಲ, ಹೊಲಿದಿದ್ದೇವೆ ಎಂದು ಬರೆದಿತ್ತು. ಹದಿನೈದು ವರ್ಷ ಬಾಳಿಕೆ. ಅದರ ಕೆಳಗೆ, ಪಕ್ಕದವರು ಹೊರಳಿದರೂ ನಿಮಗೆ ತಿಳಿಯುವುದಿಲ್ಲ ಎಂದು ದೊಡ್ಡದಾಗಿ ಹೊಗಳಿಕೊಂಡಿದ್ದರು. ಅದನ್ನು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ನಮ್ಮ ಹಳೆಯ ಹಾಸಿಗೆಯ ನಡುವೆ ಗುಂಡಿ ಬಿದ್ದಿತ್ತು. ಎಲ್ಲಿ ಮಲಗಿದರೂ ಬೆಳಗಾಗುವ ಹೊತ್ತಿಗೆ ಇಬ್ಬರೂ ಗುಂಡಿಯಲ್ಲಿರುತ್ತಿದ್ದೆವು. ಅವಳ ಬೆನ್ನು ನನ್ನ ಬೆನ್ನಿಗೆ ಒರಗಿರುತ್ತಿತ್ತು.

“ಏನದು, ದಿನಾ ಕಣ್ಣು ನೆಟ್ಟುಕೊಂಡು?” ಅಪ್ಪ ಮೇಜಿನ ಮೇಲಿಂದಲೇ ಕೇಳಿದ.

“ಹಾಸಿಗೆ. ಅಂಟಿಲ್ಲದ್ದು.”

“ಅಂಟಿಲ್ಲದೆ ಹಾಸಿಗೆನಾ? ನೀರಿಲ್ಲದೆ ಈಜಿದ ಹಾಗೆ!”

“ಹೊಲಿದಿದಾರಂತಪ್ಪ.”

“ಮುಟ್ಟಿ ನೋಡದೆ, ಕೂತು ನೋಡದೆ ಹಾಸಿಗೆ ತಗೋತಾರಾ ಯಾರಾದ್ರೂ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಹಾಸಿಗೆನೇ ಬರದೆ ಕಾಲು ಚಾಚ್ತಿದೀಯ.” ಆಮೇಲೆ ಗೋಡೆಯ ಕಡೆ ಹೊರಳಿ, ಮೆಲ್ಲಗೆ, “ಇಬ್ಬರು ಮಲಗೋ ಅಷ್ಟು ಅಗಲದ್ದೇ ನೋಡು” ಎಂದ.

ಅಂಟು ಎಲ್ಲಿಯೂ ಇಲ್ಲವೇ, ಅಂಚಿನಲ್ಲೂ ಇಲ್ಲವೇ ಎಂದು ಕಂಪನಿಗೆ ಬರೆದು ಕೇಳಿದೆ. ಬರೆದರೆ ಬರೆದು ಉತ್ತರಿಸುತ್ತಾರೆ ಎಂದುಕೊಂಡಿದ್ದೆ. ಒಬ್ಬ ಹೆಂಗಸು ಫೋನೇ ಮಾಡಿಬಿಟ್ಟಳು. ಗುರುತಿಲ್ಲದವರ ಜೊತೆ ಮಾತಾಡಬೇಕೆಂದರೆ ನನಗೆ ನಾಲಿಗೆ ಏಳುವುದಿಲ್ಲ.

“ಹೇಳಿ ಮೇಡಂ, ಅಂಟಿನ ಬಗ್ಗೆ ಕೇಳಿದ್ರಿ.”

“ಹೂಂ.”

“ಮಗುಗೆ ಬೇಕಿತ್ತಾ?”

“ಅಕ್ಕಂಗೆ” ಎಂದೆ. “ಅಂಚಿನ ಪಟ್ಟಿ ಹೇಗೆ ನಿಲ್ಸಿದೀರಿ? ಹೊಲಿಗೆನಾ, ಅಂಟಾ?”

“ಇದನ್ನ ಇದುವರೆಗೂ ಯಾರೂ ಕೇಳಿರ್ಲಿಲ್ಲ. ಇರಿ, ಕಾರ್ಖಾನೆಯವರನ್ನ ಕೇಳಿ ಹೇಳ್ತೀನಿ.” ಮಾರನೆಯ ದಿನ ಮತ್ತೆ ಫೋನ್ ಬಂತು. ಅಂಚೂ ಹೊಲಿಗೆಯೇ. ಆ ದಿನವೇ ತರಿಸಲು ಒತ್ತಿದೆ.

ಗುರುವಾರ ಹಾಸಿಗೆ ಸುರುಳಿಯಾಗಿ ಬಂತು. ಪ್ಲಾಸ್ಟಿಕ್ಕು ಕತ್ತರಿಸಿದೊಡನೆ ನಿಟ್ಟುಸಿರು ಬಿಟ್ಟ ಹಾಗೆ ಬಿಚ್ಚಿಕೊಂಡು ಕೋಣೆ ತುಂಬಿತು. ನಾನು ಮೂಗಿಟ್ಟು ನೋಡಿದೆ, ಅಪ್ಪನೂ ನೋಡಿದ. ಏನೂ ಇಲ್ಲ. ಆದರೆ ನಮ್ಮ ಮೂಗನ್ನು ನಂಬುವ ಹಾಗಿಲ್ಲ. ವರ್ಷಾನುಗಟ್ಟಲೆ ಅಂಟಿನ ನಡುವೆ ಬದುಕಿ, ಆ ಒಂದು ವಾಸನೆ ನಮಗೆ ಹತ್ತುವುದು ನಿಂತುಹೋಗಿದೆ. ಅಂಗಡಿಗೆ ಬಂದ ಗಿರಾಕಿಗಳು ಮೂಗು ಮುಚ್ಚಿಕೊಂಡಾಗಲೇ ಡಬ್ಬದ ಮುಚ್ಚಳ ತೆರೆದಿದೆ ಎಂದು ತಿಳಿಯುತ್ತಿತ್ತು.

ಮೂಗು ಹೇಳದಿದ್ದರೆ ಕಣ್ಣು ಹೇಳಲಿ ಎಂದು ಶುಕ್ರವಾರ ಒಂದು ಬದಿಯ ಹೊಲಿಗೆ ಬಿಚ್ಚಿದೆ. ಬಿಚ್ಚಿದರೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಬರೆದಿತ್ತು. ಬಿಚ್ಚದೆ ಅಕ್ಕನನ್ನು ಹೇಗೆ ಕರೆಯಲಿ? ಒಳಗೆ ಬಿಳಿಯ ಚೀಲಗಳು ಸಾಲಾಗಿ ನಿಂತಿದ್ದವು. ಒಂದೊಂದರ ಬುಡದಲ್ಲೂ ದಾರ. ಅಂಟಿನ ಒಂದು ಹನಿಯೂ ಇಲ್ಲ. ಕೈ ಒಳಗಿಟ್ಟುಕೊಂಡೇ ಅಕ್ಕನಿಗೆ ಫೋನ್ ಮಾಡಿದೆ.

“ಸಿಕ್ತು.”

“ಏನೇ ಸಿಕ್ತು? ಗಂಡಾ?”

“ಅಂಟಿಲ್ಲದ ಹಾಸಿಗೆ.”

ಅವಳು ನಗಲಿಲ್ಲ. “ಭಾನುವಾರ ಬರ್ತೀನಿ” ಎಂದಳು. “ಬಟ್ಟೆ ಎಲ್ಲಾ ತರ್ತೀನಿ ಕಣೇ.”

ಬಿಚ್ಚಿದ ಬದಿಯನ್ನು ಬಾಗಿದ ಸೂಜಿಯಿಂದ ಮತ್ತೆ ಹೊಲಿಯುತ್ತ ಬಂದೆ. ಗೇಣಷ್ಟು ಉಳಿದಾಗ ದಾರ ಮುಗಿಯಿತು. ಶನಿವಾರ ಬೆಳಿಗ್ಗೆ ಅಂಗಡಿಯಿಂದ ದಾರ ತಂದು ನೋಡಿದರೆ ಅಪ್ಪ ಹಾಸಿಗೆಯ ಪಕ್ಕ ಮಂಡಿಯೂರಿ ಕೂತಿದ್ದ. ಕೈಯಲ್ಲಿ ಅಂಟಿನ ಪಿಚಕಾರಿ.

“ಒಳಗಿನ ಪಟ್ಟಿ ಜಾರಿತ್ತು” ಎಂದ. “ಅವಳ ಬೆನ್ನಿಗೆ ಒತ್ತತ್ತೆ ಅಂತ... ಒಂದೇ ಸಲ ಹೊಡೆದೆ.”

ನನ್ನ ಮುಖ ನೋಡಿ ಅಪ್ಪನಿಗೂ ಆಗ ಹೊಳೆಯಿತು. ಪಿಚಕಾರಿಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ನಲವತ್ತು ವರ್ಷದ ಕೈ, ಜಾರಿದ್ದನ್ನು ಕಂಡರೆ ಅಂಟಿಸುತ್ತದೆ.

ಪಟ್ಟಿಯನ್ನೇ ಕತ್ತರಿಸಿ ಎಸೆದೆ. ಇಬ್ಬರೂ ಸೇರಿ ಹಾಸಿಗೆಯನ್ನು ಮಹಡಿಗೆ ಹೊತ್ತು ಬಿಸಿಲಿಗೆ ಹಾಕಿದೆವು. ಸಂಜೆ ಅಪ್ಪ ಮೂಗಿಟ್ಟು ನೋಡಿದ.

“ಇಲ್ಲ ಅಲ್ವಾ?”

“ಇಲ್ಲ” ಎಂದೆ. ನಮ್ಮ ಮೂಗು ಹೇಳುವ ಇಲ್ಲ ಎಂಬುದಕ್ಕೆ ಎಷ್ಟು ಬೆಲೆಯೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕನಿಗೆ ಬರಬೇಡ ಎನ್ನಲು ಮೊಬೈಲ್ ಕೈಗೆತ್ತಿಕೊಂಡೆ. ಹದಿನಾಲ್ಕು ತಿಂಗಳು. ಮತ್ತೆ ಕೆಳಗಿಟ್ಟೆ.

ಭಾನುವಾರ ಮಧ್ಯಾಹ್ನ ಅಕ್ಕ ಎರಡು ಚೀಲ ಹೊತ್ತು ಬಂದಳು. “ಎಲ್ಲಿ ರಾಣಿಯಮ್ಮನ ಹಾಸಿಗೆ?” ಎನ್ನುತ್ತ ನೇರ ಕೋಣೆಗೆ ನುಗ್ಗಿ ಅಂಗಾತ ಬಿದ್ದುಕೊಂಡಳು. “ಅಬ್ಬಾ! ಸೊಂಟಕ್ಕೆ ಸ್ವರ್ಗ. ಬಾರೇ ಮೂಗಿ, ನಿನ್ನ ಜಾಗ ಖಾಲಿ ಇದೆ.”

ಪಕ್ಕದಲ್ಲಿ ಮಲಗಿದೆ. ಗುಂಡಿ ಇರಲಿಲ್ಲ, ಅವಳು ಅವಳ ಜಾಗದಲ್ಲಿ, ನಾನು ನನ್ನ ಜಾಗದಲ್ಲಿ. ಸೂರು ನೋಡುತ್ತ ನಾನು ಮಾತಾಡಿದೆ. ಎರಡು ನಕ್ಷತ್ರದವರ ಬಗ್ಗೆ, ಫೋನಿನ ಹೆಂಗಸಿನ ಬಗ್ಗೆ, ವರ್ಷವಿಡೀ ಆಡದಷ್ಟು ಮಾತು. ಉತ್ತರ ಬಾರದ್ದಕ್ಕೆ ನಿದ್ದೆ ಬಂದಿರಬೇಕೆಂದು ಹೊರಳಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಎದ್ದು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತು ಅವಳು ಔಷಧದ ಗಾಳಿ ಎಳೆದುಕೊಳ್ಳುತ್ತಿದ್ದಳು. ಭುಜಗಳು ಏರಿ ಇಳಿಯುತ್ತಿದ್ದವು. ಉಸಿರು ಹಿಡಿತಕ್ಕೆ ಬಂದ ಮೇಲೆ ನನ್ನನ್ನು ನೋಡಿ ನಕ್ಕಳು.

“ಅಪ್ಪನ ಕೈ ಬಿತ್ತಾ?”

ತಲೆಯಾಡಿಸಿದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ ತನ್ನ ಅಂಗೈ ನೋಡಿಕೊಂಡ.

“ಗೊತ್ತಿದ್ದೂ ಕರೆದೆ ನಾನು” ಎಂದೆ.

“ಇರ್ಲಿ ಬಿಡೇ. ಮುಖ ನೋಡಿದ ಹಾಗಾಯ್ತು.”

ಸಂಜೆಯ ಬಸ್ಸಿಗೆ ಹೊತ್ತಾಯಿತು. ಬಿಚ್ಚದ ಚೀಲಗಳನ್ನು ಅಪ್ಪ ಎತ್ತಿಕೊಂಡು ಬೀದಿಗಿಳಿದ. ಅಕ್ಕ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಒಂದು ಪಟ್ಟಿಗೆ ಅಷ್ಟು ಹೊತ್ತು ಬೇಕಿರಲಿಲ್ಲ.

“ಅಕ್ಕಾ, ದಿನಾ ಬಿಸಿಲಿಗೆ ಹಾಕ್ತೀನಿ. ಮುಂದಿನ ತಿಂಗಳು ಇನ್ನೊಂದು ಸಲ ಬಂದು ಮಲಗಿ ನೋಡು.”