ಪೂಜೆಗಿಟ್ಟ ಕಾರ್ಡು

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ರಘುನಂದನನ ಕೊರಳಲ್ಲಿದ್ದ ಕಾರ್ಡು ನೊಗದಷ್ಟು ಭಾರವಾಗಿತ್ತು. ಅಂಗೈಯೊಳಗೆ ಅಡಗುವಷ್ಟು ಪ್ಲಾಸ್ಟಿಕ್ ತುಂಡು. ಪ್ರಯಾಣಿಕರ ಬಸ್ ಕಾರ್ಡಿಗೆ ಹಣ ತುಂಬುವ ಯಂತ್ರ ಬಾಯಿ ಬಿಡಬೇಕಾದರೆ ಮೊದಲು ಇದನ್ನು ತೋರಿಸಬೇಕು. ಡಿಪೋದವರು ಅದಕ್ಕೆ ಕೀಲಿ ಕಾರ್ಡು ಎನ್ನುತ್ತಿದ್ದರು. ವಾಯುಸೇನೆಯಿಂದ ನಿವೃತ್ತನಾಗಿ ನಾಗಪುರದಲ್ಲೇ ಉಳಿದು ಈ ಬಸ್ ಕಂಪನಿಯಲ್ಲಿ ಕಾರ್ಡು ವಿಭಾಗದ ಸೂಪರ್‌ವೈಸರ್ ಆದ ದಿನದಿಂದ, ಆರು ವರ್ಷ, ಅದು ನೀಲಿ ಪಟ್ಟಿಯಲ್ಲಿ ಅವನ ಎದೆಯ ಮೇಲೆ ತೂಗುತ್ತಿತ್ತು.

ಎದುರಿಗೆ ಲ್ಯಾಪ್‌ಟಾಪ್ ತೆರೆದು ಕೂತವರು ನರಸಿಂಹಮೂರ್ತಿ, ಹೆಡ್ ಆಫೀಸಿನ ತನಿಖೆಯವರು. ಮೈಸೂರು ಕಡೆಯವರು. ಇಂಥ ಊರಲ್ಲಿ ಕನ್ನಡ ಮಾತಾಡುವವರು ಸಿಕ್ಕರೆ ರಘುನಂದನ ಊಟಕ್ಕೆ ಕರೆಯದೆ ಬಿಡುವವನಲ್ಲ. ಈವತ್ತು ಒಂದು ಲೋಟ ಚಹ ಕೊಡಿಸುವ ಧೈರ್ಯವೂ ಆಗಲಿಲ್ಲ.

"ನೋಡಿ ರಘುನಂದನ್ ಅವರೇ," ಮೂರ್ತಿ ನಿಧಾನವಾಗಿ ಹೇಳಿದರು. "ದಸರಾ ದಿನ ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆವರೆಗೆ ಸೀತಾಬರ್ಡಿ ಕೌಂಟರಿನ ಯಂತ್ರದಲ್ಲಿ ನಿಮ್ಮ ಕೀಲಿ ಕಾರ್ಡು ಕೆಲಸ ಮಾಡಿದೆ. ಮುನ್ನೂರು ಕಾರ್ಡಿಗೆ ದುಡ್ಡು ತುಂಬಿದ್ದಾರೆ, ಗಲ್ಲಾಪೆಟ್ಟಿಗೆಗೆ ಒಂದು ಕಾಸೂ ಬಿದ್ದಿಲ್ಲ. ಅಲ್ಲಿದ್ದ ಗುತ್ತಿಗೆ ನೌಕರ ಮರುದಿನದಿಂದ ನಾಪತ್ತೆ."

"ನಾ ಆ ದಿನ ಸೀತಾಬರ್ಡಿ ಕಡೆ ಹಾದೇ ಇಲ್ಲರಿ. ಮನೀಶ್ ನಗರದಾಗ ಮನ್ಯಾಗ ಹೋಳಗಿ ಉಂಡು ಮಲಗಿದ್ದೆ."

"ನೀವು ಮಲಗಿದ್ರಿ. ಕಾರ್ಡು ಎಲ್ಲಿ ಮಲಗಿತ್ತು?"

ಮೂರ್ತಿ ಒಂದು ಹಾಳೆ ಮುಂದೆ ತಳ್ಳಿದರು. ಬೆಳಿಗ್ಗೆ ರಘುನಂದನನೇ ಬರೆದು ಸಹಿ ಹಾಕಿದ ಹೇಳಿಕೆ. ಕಾರ್ಡು ಯಾವಾಗಲೂ ನನ್ನ ಕೊರಳಲ್ಲೇ ಇತ್ತು ಎಂದು ಅದರಲ್ಲಿತ್ತು. ಕೊರಳಿನಿಂದ ತೆಗೆಯಬಾರದು, ತೆಗೆದರೆ ಬೀರುವಿಗೆ ಬೀಗ ಹಾಕಿ ಇಡಬೇಕು ಎಂಬುದು ನಿಯಮ. ಫೋನಿನಲ್ಲಿ ಮೊದಲ ಸಲ ಕೇಳಿದಾಗ ನಿಯಮದ ಮಾತೇ ಬಾಯಿಗೆ ಬಂದಿತ್ತು. ಬಾಯಿಗೆ ಬಂದದ್ದನ್ನೇ ಕೈ ಬರೆದಿತ್ತು.

"ಕೊರಳು ಮನೇಲಿ, ಕಾರ್ಡು ಸೀತಾಬರ್ಡೀಲಿ. ಇದನ್ನ ಪೊಲೀಸರ ಮುಂದೆ ಹೇಗೆ ಓದಲಿ ನಾನು? ದೂರು ಟೈಪ್ ಆಗಿದೆ. ನಾಲ್ಕು ಗಂಟೆಗೆ ಠಾಣೆಗೆ ಕೊಡಬೇಕು. ಮೊದಲ ಹೆಸರು ನಿಮ್ಮದೇ."

ಇಪ್ಪತ್ತು ವರ್ಷ ಸಮವಸ್ತ್ರದಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲದೆ ಕಳೆದವನು. ರಘುನಂದನ ಕಿಟಕಿಯ ಆಚೆ ನೋಡಿದ. ಬಸ್ಸೊಂದು ಹಿಮ್ಮುಖವಾಗಿ ಸರಿಯುತ್ತಿತ್ತು. ಅದರ ಕನ್ನಡಿಗೆ ಕಟ್ಟಿದ ಚೆಂಡು ಹೂವಿನ ಮಾಲೆ ಒಣಗಿ ಕಂದಾಗಿತ್ತು. ಅದನ್ನು ನೋಡುತ್ತಿದ್ದಂತೆ, ಇನ್ನು ಹೇಳದೆ ಗತಿಯಿಲ್ಲ ಅನಿಸಿತು.

"ಸರ್, ಬರದದ್ದು ಸುಳ್ಳು," ಅಂದ. "ಕಾರ್ಡು ಪೂಜಾಕ್ಕ ಇಟ್ಟಿದ್ದೆ."

ಜಮಖಂಡಿ ಕಡೆಯ ಅವನ ಹಳ್ಳಿಯಲ್ಲಿ ಖಂಡೇ ನವಮಿಯ ದಿನ ಅಪ್ಪ ಕುಂಟೆ, ಕೂರಿಗೆ, ಕುಡಗೋಲು, ಬಾರುಕೋಲು ಎಲ್ಲವನ್ನೂ ತೊಳೆದು ಪಡಸಾಲೆಯಲ್ಲಿ ಸಾಲಾಗಿ ಇಡುತ್ತಿದ್ದ. ಕುಂಕುಮ ಬಿದ್ದ ಮೇಲೆ ಮರುದಿನ ಬನ್ನಿ ಮುಡಿಯುವ ತನಕ ಒಂದನ್ನೂ ಮುಟ್ಟುವಂತಿಲ್ಲ. ವರ್ಷವೆಲ್ಲ ದುಡಿದ ಕಬ್ಬಿಣಕ್ಕೂ ಒಂದು ದಿನ ಮೈ ಚಾಚಿ ಮಲಗುವ ಹಕ್ಕಿದೆ ಎಂಬುದು ಅವನ ಲೆಕ್ಕ. ರಘುನಂದನ ಆ ಪದ್ಧತಿಯನ್ನು ಡಿಪೋಕ್ಕೆ ತಂದಿದ್ದ. ಹಣ ತುಂಬುವ ಏಳನೇ ನಂಬರ್ ಯಂತ್ರವನ್ನು ಬಾಳೆ ಎಲೆಯ ಮೇಲಿಟ್ಟು, ಅದರ ನೆತ್ತಿಯ ಮೇಲೆ ಕೀಲಿ ಕಾರ್ಡನ್ನಿಟ್ಟು ಪೂಜೆ ಮಾಡಿದ್ದ. ನವಮಿಯ ದಿನವೆಲ್ಲ ಪೂಜೆಯ ಕೋಣೆಯ ಬಾಗಿಲು ತೆರೆದೇ ಇತ್ತು. ಬೇರೆ ಕೌಂಟರುಗಳವರೂ ಬಂದು, ಯಂತ್ರ ಮುಟ್ಟಿ ಕಣ್ಣಿಗೊತ್ತಿಕೊಂಡು, ಪ್ರಸಾದ ತಿಂದು ಹೋಗಿದ್ದರು. ಸೀತಾಬರ್ಡಿಯ ಆ ಗುತ್ತಿಗೆ ನೌಕರನೂ ಬಂದಿದ್ದ. ಸಂಜೆ ಕೋಣೆಗೆ ಬೀಗ ಬಿತ್ತು. ರಘುನಂದನ ಕಾರ್ಡನ್ನು ಮತ್ತೆ ಕೊರಳಿಗೆ ಹಾಕಿಕೊಂಡದ್ದು ದಸರೆಯ ಸಂಜೆ.

ಮೂರ್ತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಳೇ ಕಾಲದ ಚಿಪ್ಪು ಇದು. ಫೋನನ್ನ ಹತ್ತಿರ ಹಿಡಿದು ಕಾಯಿ ಒಡೆಯೋಷ್ಟು ಹೊತ್ತಲ್ಲಿ ನಕಲು ಮಾಡಬಹುದು. ನಮ್ಮವರು ಊರಿನ ಎಲ್ಲ ಕಾರ್ಡಿಗೂ ಒಂದೇ ಗುಪ್ತ ನಂಬರ್ ಹಾಕಿಟ್ಟಿದ್ದಾರೆ."

"ಅಂದ್ರ ಊರ ಮನಿಗೆಲ್ಲ ಒಂದ ಕೀಲಿಕೈ ಮಾಡ್ಸಿ, ಕಳುವಾದ ಮ್ಯಾಲ ನನ್ನ ಕೊರಳಪಟ್ಟಿ ಹಿಡದ್ರಿ."

"ಮಾತಿಗೆ ಚೆನ್ನಾಗಿದೆ. ಸಾಕ್ಷಿ ಏನಿದೆ? ನಕಲೂ ನಿಮ್ಮ ಕಾರ್ಡಿನ ನಂಬರನ್ನೇ ಹೇಳತ್ತೆ. ನೀವೇ ಆ ಮನುಷ್ಯನ ಕೈಗೆ ಕೊಟ್ಟು, ಸಂಜೆ ವಾಪಸ್ ತಗೊಂಡ್ರಿ ಅಂತ ಪೊಲೀಸರು ಅಂದ್ರೆ?"

ಆ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ ದತ್ತು ಗಂಟಲು ಸರಿಮಾಡಿಕೊಂಡ. ಅಕ್ಕಲಕೋಟೆಯ ಕಡೆಯವನು, ಡಿಪೋದ ಹಳೇ ಡ್ರೈವರು. ಅವನ ಕನ್ನಡದಲ್ಲಿ ಅರ್ಧ ಮರಾಠಿ.

"ಸಾಹೇಬ್, ಒಂದ್ ಮಾತು. ಬೈಬ್ಯಾಡ್ರಿ. ಪೂಜಾದ ಟೈಮಿಗೆ ಮಶಿನ್ನು ನಾ ಚಾಲೂ ಇಟ್ಟಿದ್ದೆ. ದೇವರಂತ ಕುಂದರ್ಸಿ ಕಣ್ಣ ಮುಚ್ಚಿಸಿದ್ರ ಬರೋಬರ್ ಅನಸಲಿಲ್ಲ. ಚಾರ್ಜರ್ ಹಚ್ಚಿ ಬಿಟ್ಟಿದ್ದೆ."

ಮೂರ್ತಿ ತಟ್ಟನೆ ತಲೆ ಎತ್ತಿದರು. "ಕಾರ್ಡು ಮೇಲೆ ಇದ್ದಾಗಲಾ?"

"ಹೂಂರಿ. ಎರಡೂ ದಿನ. ಟಿಂಗ್ ಟಿಂಗ್ ಅಂತಿತ್ತು. ಗಂಟಿ ಬಾರಿಸೋ ತ್ರಾಸ ತಪ್ಪಿತು ಅಂದಿದ್ದೆ ನಾ."

"ಟಿಂಗ್ ಅಂದಾಗಲೆಲ್ಲ ಅದು ತನ್ನ ಒಳಗೆ ಒಂದು ಸಾಲು ಬರಕೊಂಡಿರತ್ತೆ, ಇಂಥ ನಂಬರಿನ ಕಾರ್ಡು ಮೈಮೇಲಿದೆ ಅಂತ. ಆ ಸಾಲು ಹೆಡ್ ಆಫೀಸಿಗೆ ಬರಲ್ಲ, ಯಂತ್ರದೊಳಗೇ ಉಳಿಯತ್ತೆ. ಎಲ್ಲಿ, ಆ ಯಂತ್ರ ತನ್ನಿ."

ರಘುನಂದನ ಮತ್ತು ದತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ರಿಪೇರಿಗೆ ಹೋಗೈತ್ರಿ," ರಘುನಂದನ ಅಂದ. "ಕುಂಕುಮ ಒಳಗ ಹೊಕ್ಕು ಬಟನ್ ಕಚ್ಚಿಕೊಂಡಿದ್ದವು. ಮುಂಜಾನೆ ಸದರ್ ಬಡಾವಣಿ ರಿಪೇರಿ ಕೋಣಿಗೆ ಕಳಿಸೇನಿ."

"ಅಲ್ಲಿ ಮೊದಲು ಮಾಡೋ ಕೆಲಸವೇ ಒಳಗಿನದೆಲ್ಲ ಅಳಿಸೋದು," ಮೂರ್ತಿ ಎದ್ದು ನಿಂತರು. "ಹೊರಡಿ. ಗಂಟೆ ಎರಡೂಮುಕ್ಕಾಲು."

ಡಿಪೋದ ಜೀಪನ್ನು ದತ್ತು ಹೊರಡಿಸಿದ. ರಘುನಂದನ ರಿಪೇರಿ ಕೋಣೆಯ ನಮಿತಾಳಿಗೆ ಫೋನ್ ಹಚ್ಚಿದ. ರಿಂಗಾಯಿತು, ನಿಂತಿತು. ಮತ್ತೆ ಹಚ್ಚಿದ. ವರ್ಧಾ ರಸ್ತೆ ಹೇಗೋ ಸಾಗಿತು. ಸೀತಾಬರ್ಡಿಗೆ ಬಂದಾಗ ದೀಪಾವಳಿ ಸಂತೆ ರಸ್ತೆಗೇ ಇಳಿದಿತ್ತು. ಆಕಾಶಬುಟ್ಟಿ, ಪಣತಿ, ಹೊಸ ಬಟ್ಟೆಯ ಚೀಲ. ಕಣದಲ್ಲಿ ರಾಶಿಯ ಸುತ್ತ ಸೇರಿದ ಎತ್ತುಗಳಂತೆ ಆಟೋಗಳು ಒಂದಕ್ಕೊಂದು ಮೂತಿ ಚುಚ್ಚಿ ನಿಂತಿದ್ದವು. ಜೀಪು ಅಲುಗಲಿಲ್ಲ.

ಎಡಕ್ಕೆ, ಬಸ್ ನಿಲ್ದಾಣದ ಪಕ್ಕದಲ್ಲಿ, ಆ ಕೌಂಟರ್ ಕಾಣುತ್ತಿತ್ತು. ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಸೆರಗಿನ ತುದಿಯಿಂದ ಕಾರ್ಡು ಬಿಚ್ಚಿ ಯಂತ್ರದ ಮೇಲಿಟ್ಟಳು. ಹಸಿರು ದೀಪ ಬಂತು. ಅವಳು ಅದನ್ನು ನಂಬಿ ಮತ್ತೆ ಗಂಟು ಹಾಕಿಕೊಂಡಳು.

"ದತ್ತು, ಒಳದಾರಿ ಇಲ್ಲೇನೋ?"

"ಒಳದಾರ್‍ಯಾಗ ಇದಕ್ಕಿಂತ ದೊಡ್ಡ ಜಾತ್ರಿ ಐತ್ರಿ. ಇಳದು ನಡೀತೀರೇನು? ನಡದ್ರ ಜಲ್ದಿ ಮುಟ್ಟೀರಿ, ಆದ್ರ ಮೊಣಕಾಲು ನಿಮ್ಮವು."

ಮೂರ್ತಿ ಗಡಿಯಾರ ನೋಡಿಕೊಂಡರು. ರಘುನಂದನ ಐದನೇ ಸಲ ಫೋನ್ ಹಚ್ಚಿದ. ಆಚೆ ಬದಿಯಲ್ಲಿ ಅದು ಬಾವಿಗೆ ಬಿಟ್ಟ ಕೊಡದ ಹಗ್ಗದಂತೆ ಇಳಿಯುತ್ತಲೇ ಹೋಯಿತು, ನೀರು ತಾಗಲಿಲ್ಲ.

ಸದರಿಗೆ ಮುಟ್ಟಿದಾಗ ಮೂರೂಕಾಲು ದಾಟಿತ್ತು. ರಿಪೇರಿ ಕೋಣೆ ಚರ್ಚಿನ ಹಿಂದಿನ ಹಳೇ ಕಟ್ಟಡದ ಎರಡನೇ ಮಹಡಿ. ರಘುನಂದನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಒಳಗೆ ನಮಿತಾ ಕಿವಿಗೆ ಹಾಡು ಸಿಕ್ಕಿಸಿಕೊಂಡು ಬೆಸುಗೆ ಹಾಕುತ್ತಿದ್ದಳು. ಅವಳ ಹಿಂದೆ ಮೇಜಿನ ಮೇಲೆ ಯಂತ್ರಗಳ ಸಾಲು, ಪ್ರತಿಯೊಂದರ ಹಣೆಗೂ ಬಿಳಿ ಚೀಟಿ: ಅಳಿಸಿದೆ. ಒಂದು, ಎರಡು, ಐದು, ಎಂಟು. ಅವನ ಕಣ್ಣು ಏಳನ್ನು ಹುಡುಕಿ ಸೋತಿತು.

"ಏಳು," ಅವನು ಮರಾಠಿಯಲ್ಲಿ ಕೇಳಿದ. "ಏಳನೇ ನಂಬರ್ ಎಲ್ಲಿ, ತಾಯಿ?"

ಅವಳು ಕಿವಿಯಿಂದ ತಂತಿ ಕಿತ್ತು ಮೂವರನ್ನೂ ನೋಡಿದಳು. "ಅದು ನಿಮ್ಮದಾ ಕಾಕಾ? ನಿಮ್ಮನ್ನೇ ಹುಡುಕ್ತಿದ್ದೆ ನಾನು. ಅದರೊಳಗೆ ಕುಂಕುಮ ಅಲ್ಲ, ಅರ್ಧ ಗುಡಿ ಇತ್ತು. ಅಕ್ಕಿಕಾಳು ಬೇರೆ."

"ಅಳಿಸಿದ್ಯಾ?"

"ಹೇಗೆ ಅಳಿಸಲಿ? ಸ್ಪಿರಿಟ್ಟಲ್ಲಿ ತೊಳೆದಿದ್ದೀನಿ. ಒಣಗದೆ ಚಾಲೂ ಮಾಡಿದ್ರೆ ಸುಟ್ಟೇ ಹೋಗತ್ತೆ." ಅವಳು ಕಿಟಕಿಯ ಕಡೆ ಕೈ ತೋರಿಸಿದಳು. ಟೇಬಲ್ ಫ್ಯಾನಿನ ಮುಂದೆ, ಮುಚ್ಚಳ ಬಿಚ್ಚಿಸಿಕೊಂಡ ಏಳನೇ ನಂಬರ್ ಗಾಳಿ ತೆಗೆದುಕೊಳ್ಳುತ್ತಿತ್ತು.

ರಘುನಂದನ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಆದರೆ ಇನ್ನೂ ಮುಗಿದಿರಲಿಲ್ಲ. ಒಣಗಲು ಹದಿನೈದು ನಿಮಿಷ ಬೇಕು ಅಂದಳು ನಮಿತಾ. ಸ್ಪಿರಿಟ್ಟು ಒಳಗಿನ ತನಕ ಇಳಿದಿದ್ದರೆ ಬರೆದದ್ದೇ ಹೋಗಿರಬಹುದು ಎಂದೂ ಅಂದಳು. ಫ್ಯಾನು ತಿರುಗುತ್ತಿತ್ತು. ಮಳೆ ಹೊಡೆದ ಜೋಳದ ರಾಶಿಯನ್ನು ಅಪ್ಪ ಹೀಗೇ ಎದುರಿಗೆ ಕೂತು ಕಾಯುತ್ತಿದ್ದ. ಕೈ ಹಾಕಿ ಕೆದಕಬ್ಯಾಡ, ಗಾಳಿ ತನ್ನ ಕೆಲಸ ಮಾಡ್ತೈತಿ ಅನ್ನುತ್ತಿದ್ದ.

ಮೂರೂಮುಕ್ಕಾಲಿಗೆ ನಮಿತಾ ಮುಚ್ಚಳ ಕೂಡಿಸಿ ಬಟನ್ ಒತ್ತಿದಳು. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದಳು. ಒಮ್ಮೆ ಮಿನುಗಿ, ಯೋಚಿಸಿ, ಬೆಳಗಿತು. ಮೂರ್ತಿ ತಾರೀಖು ಹೇಳಿದರು. ಯಂತ್ರದ ಬಾಯಿಂದ ಕಿರುಚೀಟಿ ಹೊರಬರತೊಡಗಿತು.

ಹತ್ತು ಗಂಟೆ ಮೂವತ್ತು, ಕಾರ್ಡು ಮೇಲಿದೆ. ಹತ್ತು ಮೂವತ್ತೊಂದು, ಕಾರ್ಡು ಮೇಲಿದೆ. ಒಂದೇ ಸಾಲು, ನಿಮಿಷಕ್ಕೊಂದರಂತೆ. ಕಾಗದ ಮೇಜಿನಿಂದ ಇಳಿದು, ನೆಲ ಮುಟ್ಟಿ, ದತ್ತುವಿನ ಚಪ್ಪಲಿಯ ತನಕ ಹರಿಯಿತು. ಮೂರ್ತಿ ಅದನ್ನು ಮೊಳ ಹಾಕುವವರಂತೆ ಎರಡೂ ಕೈಯಲ್ಲಿ ಹಿಡಿದು, ಲ್ಯಾಪ್‌ಟಾಪಿನ ಸೀತಾಬರ್ಡಿ ಪಟ್ಟಿಯ ಜೊತೆ ಮಧ್ಯಾಹ್ನ ಒಂದು ಗಂಟೆಯ ಸಾಲಿನ ತನಕ ತಾಳೆ ನೋಡಿದರು. ಒಂದು ನಿಮಿಷವೂ ತಪ್ಪಿರಲಿಲ್ಲ.

"ಒಂದೇ ಕಾರ್ಡು ಎರಡು ಕಡೆ ಇರಕ್ಕಾಗಲ್ಲ," ಅಂದರು. ಫೋನ್ ತೆಗೆದು, ದೂರು ನಾಳೆ ಕೊಡೋಣ, ಹೆಸರು ಬದಲಾಗತ್ತೆ ಎಂದು ಯಾರಿಗೋ ಹೇಳಿದರು. ಆಮೇಲೆ ಒಂದು ಖಾಲಿ ಹಾಳೆ ರಘುನಂದನನ ಮುಂದಿಟ್ಟರು. "ಹೊಸದಾಗಿ ಬರೀರಿ. ಪೂಜೆ ಗೀಜೆ ಬೇಡ, ನಗ್ತಾರೆ. ಯಂತ್ರದ ಮೇಲೆ ಬಿಟ್ಟಿದ್ದೆ ಅಂತ ಬರೆದ್ರೆ ಸಾಕು."

ರಘುನಂದನ ಪೆನ್ನು ತೆಗೆದುಕೊಂಡ. "ಬಿಟ್ಟಿರಲಿಲ್ಲರಿ, ಇಟ್ಟಿದ್ದೆ," ಅಂದ. "ಒಮ್ಮೆ ಸುಳ್ಳ ಬರದು ನೋಡೀನಿ, ಸಾಕು." ಪೂಜೆಗೆ ಇಟ್ಟಿದ್ದೆ, ಬೆಳಿಗ್ಗೆ ಹೆದರಿ ಸುಳ್ಳು ಬರೆದೆ ಎಂದು ಬರೆದು ಸಹಿ ಹಾಕಿದ.

ಮೂರ್ತಿ ಓದಿ ಮಡಚಿಕೊಂಡರು. "ಕಾರ್ಡು ವಿಭಾಗದಲ್ಲಿ ನಿಮ್ಮನ್ನ ಉಳಿಸಕ್ಕೆ ನನ್ನಿಂದ ಆಗಲ್ಲ. ಟಯರ್ ಶೆಡ್ಡಿಗೆ ಹಾಕ್ತಾರೆ."

"ಹಾಕ್ಲಿ ಬಿಡ್ರಿ. ಟಯರಿಗೆ ನಕಲ ಇಲ್ಲ."

ಅವನು ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು ಕೊಟ್ಟ. ಕಾರ್ಡಿನ ಮೂಲೆಯಲ್ಲಿ ಕುಂಕುಮದ ಕಲೆ ಇನ್ನೂ ಉಳಿದಿತ್ತು. ಅದನ್ನು ಚೀಲಕ್ಕೆ ಹಾಕಿದ ಮೂರ್ತಿ, ತಮ್ಮ ಕೊರಳಲ್ಲಿ ತೂಗುತ್ತಿದ್ದ ಅಂಥದ್ದೇ ಕಾರ್ಡನ್ನು ಒಮ್ಮೆ ನೋಡಿ ಅಂಗಿಯೊಳಗೆ ಸೇರಿಸಿಕೊಂಡರು.

ಮೆಟ್ಟಿಲಿಳಿಯುವಾಗ ದತ್ತು ಮೆಲ್ಲಗೆ ಕೇಳಿದ. "ಮುಂದಿನ ವರ್ಷ ಪೂಜಾ ಹೆಂಗರಿ, ಸಾಹೇಬ್?"

ರಘುನಂದನ ಬರಿದಾದ ಎದೆಯನ್ನು ಒಮ್ಮೆ ಸವರಿಕೊಂಡ. "ಮಾಡೂಣು," ಅಂದ. "ಜ್ಯಾಕ್, ನಟ್ಟು ಬಿಚ್ಚೋ ಪಾನಾ ಎಲ್ಲಾ ತೊಳದು ಇಡು. ಬಾಗಲಾ ಮಾತ್ರ ಹಾಕ್ಕೋ."